ಹೆಸರಿಲ್ಲದ ಜ್ವರದ ಚಾರ್ಟು

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ತಿಪ್ಪನಕೆರೆ ಅಂತ ಒಂದು ಊರು. ಅಲ್ಲಿಯ ಮೂವತ್ತು ಹಾಸಿಗೆಯ ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲ ರೋಗಿಗಳ ನಾಡಿಯೂ ನಿಮಿಷಕ್ಕೆ ಎಂಬತ್ತೆರಡು ಸಲ ಬಡಿಯುತ್ತಿತ್ತು. ಹೆರಿಗೆಗೆ ಬಂದವಳದೂ ಎಂಬತ್ತೆರಡು, ಚೇಳು ಕಡಿಸಿಕೊಂಡು ಬಂದವನದೂ ಎಂಬತ್ತೆರಡು. ವಾರ್ಡಿನ ಹಿರಿಯ ನರ್ಸ್ ನಾಗಲಿಂಗಮ್ಮನವರು ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಕಂಡುಕೊಂಡ ಸಂಖ್ಯೆ ಅದು. ಯಾರಿಗೂ ತೊಂದರೆ ಕೊಡದ, ಯಾವ ಪ್ರಶ್ನೆಯನ್ನೂ ಎಬ್ಬಿಸದ ಸಂಖ್ಯೆ.

ಶಿವಗಂಗಾ ಮಾತ್ರ ರೋಗಿಯ ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡುತ್ತ, ಪೂರ್ತಿ ಒಂದು ನಿಮಿಷ ಎಣಿಸುತ್ತಿದ್ದಳು. ಆ ಆಸ್ಪತ್ರೆಯಲ್ಲಿ ಅವಳ ಕಷ್ಟಗಳು ಶುರುವಾದದ್ದು ಹಾಗೆ.

ಅವಳು ಗುಡೇಕೋಟೆಯವಳು. ತಂದೆ ಓಬಣ್ಣ ಪಂಚಾಯ್ತಿಯಲ್ಲಿ ಊರಿಗೆ ನೀರು ಬಿಡುವ ಕೆಲಸದವನು. ಮನೆಯ ಪಡಸಾಲೆಯಲ್ಲಿ ಬುದ್ಧನ ಪಟವೂ ಎಲ್ಲಮ್ಮನ ಪಟವೂ ಒಂದೇ ಮೊಳೆಸಾಲಿನಲ್ಲಿ ಜಗಳವಿಲ್ಲದೆ ಇದ್ದವು. ನರ್ಸಿಂಗ್‌ನಲ್ಲಿ ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು, ಆ ಮನೆಯಲ್ಲಿ ಸರ್ಕಾರಿ ನೌಕರಿ ಹಿಡಿದ ಮೊದಲನೆಯವಳು ಶಿವಗಂಗಾ. ನೌಕರಿ ಇನ್ನೂ ಪೂರ್ತಿ ಕೈಗೆ ಬಂದಿರಲಿಲ್ಲ. ಎರಡು ವರ್ಷದ ಪರೀಕ್ಷಾರ್ಥ ಅವಧಿ ಮುಗಿದ ಮೇಲೆ ವಾರ್ಡಿನ ಹಿರಿಯ ನರ್ಸು ಅಭಿಪ್ರಾಯ ಬರೆದು, ಅದರ ಕೆಳಗೆ ಡಾಕ್ಟರು ಸಹಿ ಹಾಕಿ, ಕಡತ ಹೊಸಪೇಟೆಗೆ ಹೋಗಬೇಕು. 'ಕೆಲಸ ಮತ್ತು ನಡತೆ ತೃಪ್ತಿಕರ' ಎಂಬ ನಾಲ್ಕು ಪದ ಬಿದ್ದರೆ ಅವಳು ಖಾಯಂ. ಬೀಳದಿದ್ದರೆ ಅವಧಿ ಮುಂದಕ್ಕೆ ಹೋಗುತ್ತದೆ, ಇಲ್ಲವೇ ಅವಳು ಗುಡೇಕೋಟೆಗೆ ಹೋಗುತ್ತಾಳೆ. ಆ ನಾಲ್ಕು ಪದ ಬೀಳಬೇಕಾದ ಕೊನೆಯ ದಿನ ಶನಿವಾರ. ಈ ಕತೆ ಅದೇ ವಾರದ್ದು.

ನಾಗಲಿಂಗಮ್ಮ ಕೆಟ್ಟ ನರ್ಸ್ ಅಲ್ಲ. ಸಿಗದ ರಕ್ತನಾಳವನ್ನು ಕತ್ತಲಲ್ಲೂ ಹುಡುಕಿ ಸೂಜಿ ಹಾಕಬಲ್ಲವರು. ಹಡಗಲಿಯವರು, ದಿನಾ ತುರುಬಿಗೆ ಎರಡು ಮೊಳ ಮಲ್ಲಿಗೆ ಇಲ್ಲದೆ ಡ್ಯೂಟಿಗೆ ಬಂದವರಲ್ಲ. ಅವರ ಕಾಯಿಲೆ ಒಂದೇ, ನಾಲಿಗೆ. ಅವರದು ಹಳೆಯ ಡಿಪ್ಲೊಮಾ. ಆದ್ದರಿಂದ ಶಿವಗಂಗಾಳನ್ನು ಅವರು ಒಂದು ದಿನವೂ ಹೆಸರು ಹಿಡಿದು ಕರೆದಿರಲಿಲ್ಲ.

"ಏ ಬಿಯೆಸ್ಸಿ," ಎನ್ನುತ್ತಿದ್ದರು ಬೆಳಗಿನ ಎಂಟು ಗಂಟೆಗೆ, ರಾತ್ರಿ ಪಾಳಿಯವರು ಬೆಳಗಿನವರಿಗೆ ವಾರ್ಡು ಒಪ್ಪಿಸುವ ಹೊತ್ತಿನಲ್ಲಿ, ಮೂವತ್ತು ಹಾಸಿಗೆಗಳಿಗೂ ಕೇಳುವಂತೆ. "ಬೆಡ್‌ಪ್ಯಾನ್ ಇಡೋದು ಯಾವ ಸೆಮಿಸ್ಟರಿನ್ಯಾಗ ಬರ್ತೈತಿ? ಇನ್ನ ಅಲ್ಲೀತನಕ ಓದಿಲ್ಲೇನು?"

ಚಹಾದ ಗ್ಲಾಸಿನ ವಿಷಯ ಬೇರೆ. ನರ್ಸುಗಳ ಕೋಣೆಯಲ್ಲಿ ಐದು ಸ್ಟೀಲ್ ಗ್ಲಾಸುಗಳು ಒಟ್ಟಿಗೆ ಇರುತ್ತಿದ್ದವು. ಶಿವಗಂಗಾ ಬಂದ ವಾರವೇ ನಾಗಲಿಂಗಮ್ಮ ತಮ್ಮ ಗ್ಲಾಸನ್ನು ಬೇರೆ ಮಾಡಿ ಇಂಜೆಕ್ಷನ್ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡರು. ಕೇಳಿದವರಿಗೆ "ಇನ್‌ಫೆಕ್ಷನ್ ಕಂಟ್ರೋಲ್" ಅಂದರು. ಅದಕ್ಕಿಂತ ಹಿಂದಿನ ಇಪ್ಪತ್ತನಾಲ್ಕು ವರ್ಷ ಆ ಆಸ್ಪತ್ರೆಯಲ್ಲಿ ಇನ್‌ಫೆಕ್ಷನ್ ಇರಲಿಲ್ಲವೆಂದು ಕಾಣುತ್ತದೆ.

ಜೊತೆಯ ನರ್ಸ್ ಭೀಮರಾಜ ತನ್ನದೇ ಒಂದು ಉಪಾಯ ಮಾಡಿಕೊಂಡಿದ್ದ. ನಾಗಲಿಂಗಮ್ಮ ಬಾಯಿ ತೆರೆದರೆ ಎಡಗಿವಿಯನ್ನು ಅತ್ತ ತಿರುಗಿಸುತ್ತಿದ್ದ. ಚಿಕ್ಕಂದಿನಲ್ಲಿ ಕಿವಿ ಸೋರಿ ಆ ಕಡೆ ಅರ್ಧ ಮಾತ್ರ ಕೇಳುತ್ತಿತ್ತು. "ದೇವ್ರು ಕೊಟ್ಟ ಭಾಗ್ಯ ನೋಡವ್ವ," ಎಂದು ಶಿವಗಂಗಾಳಿಗೆ ಹೇಳಿದ್ದ, "ನಿನಗ ಎರಡೂ ಚಂದಾಗಿ ಕೇಳ್ತಾವ, ಏನ್ ಮಾಡಾಕ ಬರ್ತೈತಿ."

ಶಿವಗಂಗಾ ಮೊದಲ ವರ್ಷವೆಲ್ಲ ಬೆಡ್‌ಶೀಟ್ ಇಡುವ ಕೋಣೆಗೆ ಹೋಗಿ ಅತ್ತಳು. ಅಲ್ಲೂ ಅವಳ ಸ್ವಭಾವ ಬಿಡಲಿಲ್ಲ: ಒಂದು ಅಳುವಿಗೆ ಸರಾಸರಿ ಏಳು ನಿಮಿಷ ಬೇಕಾಗುತ್ತದೆ ಎಂದು ಲೆಕ್ಕ ಹಾಕಿದಳು. ಎಂಟನೆಯ ನಿಮಿಷಕ್ಕೆ ಯಾರಾದರೂ ಹುಡುಕಿಕೊಂಡು ಬರುತ್ತಿದ್ದರು.

ಆಮೇಲೆ ಕೆಲಸದ ಒತ್ತಡ ನಿಭಾಯಿಸುವುದು ಹೇಗೆ ಎಂದು ನರ್ಸುಗಳಿಗೆ ಒಂದು ದಿನದ ತರಬೇತಿ ಬಂತು. ತಿಪ್ಪನಕೆರೆಯಿಂದ ಇಬ್ಬರು ಹೋದರು, ನಾಗಲಿಂಗಮ್ಮ ಮತ್ತು ಶಿವಗಂಗಾ. ಉಪನ್ಯಾಸಕರು ದೀರ್ಘವಾಗಿ ಉಸಿರಾಡಿಸಿದರು, ಕಣ್ಣು ಮುಚ್ಚಿಸಿದರು, ಮನಸ್ಸಿಗೆ ನೋವಾದಾಗ ಅದನ್ನು ಬರೆದಿಡಿ ಅಂದರು. ನಾಗಲಿಂಗಮ್ಮ ಪ್ರಮಾಣಪತ್ರ ತಂದು ಗೋಡೆಗೆ ಹಾಕಿಸಿ, ಮಾರನೆಯ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದರು: "ಇನ್ನ ಮ್ಯಾಲೆ ಈ ವಾರ್ಡಿನ್ಯಾಗ ಯಾರಾದ್ರೂ ಟೆನ್ಷನ್ ತಗೊಂಡಿದ್ದು ಕಂಡ್ರ, ನೆಟ್ಟಗಿರಂಗಿಲ್ಲ."

ಶಿವಗಂಗಾ ಬರೆಯುವ ಮಾತನ್ನು ಹಿಡಿದುಕೊಂಡಳು. ಆದರೆ ಮನಸ್ಸಿನ ನೋವನ್ನು ವಾಕ್ಯ ಮಾಡಿ ಬರೆಯುವುದು ಅವಳಿಗೆ ಒಗ್ಗಲಿಲ್ಲ. ಅವಳಿಗೆ ಗೊತ್ತಿದ್ದ ಬರವಣಿಗೆ ಒಂದೇ, ಹಾಸಿಗೆಯ ಕಾಲಿಗೆ ತೂಗಹಾಕುವ ಜ್ವರದ ಚಾರ್ಟು. ಅಡ್ಡಕ್ಕೆ ಗಂಟೆ, ಉದ್ದಕ್ಕೆ ಡಿಗ್ರಿ, ನಡುವೆ ಚುಕ್ಕಿ, ಚುಕ್ಕಿಯಿಂದ ಚುಕ್ಕಿಗೆ ಗೆರೆ. ಆ ಕೊನೆಯ ವಾರದ ಸೋಮವಾರ ಬೆಳಿಗ್ಗೆ ಚಾರ್ಟಿನ ಒಂದು ಖಾಲಿ ಹಾಳೆ ತೆಗೆದು ನಾಗಲಿಂಗಮ್ಮನವರ ಸಿಟ್ಟಿನ ಚಾರ್ಟು ಶುರುಮಾಡಿದಳು.

ಅಳತೆ ಇಲ್ಲದೆ ಅವಳು ಏನನ್ನೂ ಬರೆಯುವವಳಲ್ಲ. ಸುಮ್ಮನೆ ಮಾತಾಡಿದರೆ ತೊಂಬತ್ತೆಂಟು ಪಾಯಿಂಟ್ ಆರು. "ಬಿಯೆಸ್ಸಿ" ಅಂದರೆ ನೂರು. ರೋಗಿಗಳ ಮುಂದೆ ಬೈದರೆ ನೂರಾ ಒಂದು, ರೋಗಿಗಳ ಸಂಬಂಧಿಕರೂ ನಿಂತು ಕೇಳಿದರೆ ನೂರಾ ಎರಡು. "ನಿಮ್ಮಂಥವ್ರು" ಎಂಬ ಪದ ಬಂದರೆ ನೂರಾ ಮೂರು. ವಸ್ತುಗಳು ಹಾರಿದರೆ ನೂರಾ ನಾಲ್ಕು. ನಾಡಿಯ ಸಾಲಿನಲ್ಲಿ, ಆಸ್ಪತ್ರೆಯ ಪದ್ಧತಿಗೆ ಗೌರವ ಕೊಟ್ಟು, ಎಲ್ಲ ಕಡೆ ಎಂಬತ್ತೆರಡು ಎಂದು ತುಂಬಿದಳು. ಹೆಸರಿನ ಜಾಗ ಖಾಲಿ, ಹಾಸಿಗೆ ಸಂಖ್ಯೆಯ ಜಾಗ ಖಾಲಿ. ಹಾಳೆ ಬಿ.ಪಿ. ನೋಡುವ ಯಂತ್ರದ ಡಬ್ಬಿಯ ಕೆಳಗೆ, ಡ್ರಾಯರಿನಲ್ಲಿ.

ಔಷಧದಂತೆ ಕೆಲಸ ಮಾಡಿತು ಅದು. ಮೊದಲು ಬೈಗುಳ ಕಿವಿಗೆ ಬಿದ್ದೊಡನೆ ಕಣ್ಣು ತುಂಬುತ್ತಿತ್ತು. ಈಗ ಕಿವಿಗೆ ಬಿದ್ದೊಡನೆ, ಇದು ನೂರಾ ಒಂದೋ ನೂರಾ ಎರಡೋ, ಬಾಗಿಲಲ್ಲಿ ನಿಂತವನು ಸಂಬಂಧಿಕನೋ ಚಹಾ ತಂದವನೋ ಎಂದು ನೋಡಬೇಕಾಗುತ್ತಿತ್ತು. ಬುಧವಾರ ಇಂಜೆಕ್ಷನ್ ಟ್ರೇ ನೆಲಕ್ಕೆ ಬಿದ್ದು ಹತ್ತಿಯುಂಡೆಗಳು ಮಂಚದ ಕೆಳಗೆಲ್ಲ ಉರುಳಿದಾಗ ಅವಳು ನಿಟ್ಟುಸಿರಿಲ್ಲದೆ ಹೋಗಿ ನೂರಾ ನಾಲ್ಕರ ಮೇಲೆ ಚುಕ್ಕಿ ಇಟ್ಟಳು. ಆಗಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮೂರು ದಿನವೂ ಗೆರೆ ಸರ್ರನೆ ಏರಿದ್ದು ಹತ್ತೂವರೆಗೆ. ಹತ್ತಕ್ಕೆ ಡಾಕ್ಟರ್ ಅರುಣಕುಮಾರ್ ಅವರ ರೌಂಡ್ಸ್.

ಹರಪನಹಳ್ಳಿ ಕಡೆಯವರಾದ ಈ ಡಾಕ್ಟರು ರೋಗಿಗಳನ್ನು ಮುಟ್ಟುತ್ತಿರಲಿಲ್ಲ, ಕಾಗದ ಮುಟ್ಟುತ್ತಿದ್ದರು. ಕಾಗದದಲ್ಲಿ ಕಂಡ ತಪ್ಪಿಗೆಲ್ಲ ಹಾಸಿಗೆಯ ಪಕ್ಕದಲ್ಲೇ ನಾಗಲಿಂಗಮ್ಮನವರಿಗೆ ಮಂಗಳಾರತಿ. ಗುರುವಾರವೂ ಗೆರೆ ಹತ್ತೂವರೆಗೇ ಏರಿತು. ಶಿವಗಂಗಾ ಅದರಿಂದ ಯಾವ ತೀರ್ಮಾನಕ್ಕೂ ಬರಲಿಲ್ಲ. ನಾಲ್ಕು ದಿನದ ಅಂಕಿಯಿಂದ ತೀರ್ಮಾನಕ್ಕೆ ಬರಬಾರದೆಂದು ಅವಳು ಕಲಿತಿದ್ದಳು.

ಶುಕ್ರವಾರ ಬೆಳಿಗ್ಗೆ ಆರನೆಯ ಹಾಸಿಗೆಯ ಹಾಲೇಶಪ್ಪನ ಚಾರ್ಟು ಕಾಣೆಯಾಯಿತು. ಹಾಲೇಶಪ್ಪ ಕೊಟ್ಟೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಸಕ್ಕರೆ ಕಾಯಿಲೆಯವನು, ಕಾಲಬೆರಳಿನ ಹುಣ್ಣಿಗೆ ಭಾನುವಾರ ಸೇರಿದ್ದ. ಅವನ ಹೆಂಡತಿಯ ತಮ್ಮ ಇಡೀ ಕಾಗದಪತ್ರವನ್ನು ಅಂಗಿಯೊಳಗಿಟ್ಟುಕೊಂಡು, ಪರಿಚಯದ ಇನ್ನೊಬ್ಬ ಡಾಕ್ಟರಿಗೆ ತೋರಿಸಲು ಹಡಗಲಿ ಬಸ್ಸು ಹತ್ತಿದ್ದ. ಹೆಂಡತಿ ಸುಮಲತಾಳಿಗೆ ಇದು ಗೊತ್ತಿತ್ತು. ನಾಗಲಿಂಗಮ್ಮ ಕೇಳಿದಾಗ ಅವಳು ಫ್ಯಾನಿನ ರೆಕ್ಕೆ ಎಣಿಸುತ್ತ ಕೂತಳು.

ರೌಂಡ್ಸಿಗೆ ಹತ್ತು ನಿಮಿಷ. ಶಿವಗಂಗಾ ಡ್ರೆಸಿಂಗ್ ಕೋಣೆಯಲ್ಲಿದ್ದಳು. ನಾಗಲಿಂಗಮ್ಮ ಡ್ರಾಯರ್‌ಗಳನ್ನೆಲ್ಲ ಕಿತ್ತು ಹುಡುಕಿದರು. ಬಿ.ಪಿ. ಡಬ್ಬಿಯ ಕೆಳಗೆ ಒಂದು ಚಾರ್ಟು ಸಿಕ್ಕಿತು, ಸೋಮವಾರದಿಂದ ಗುರುವಾರದವರೆಗೆ.

"ನೋಡ್ರಿ ಇಲ್ಲಿ, ಹೆಸರಿಲ್ಲ, ನಂಬರಿಲ್ಲ," ಎಂದು ಅವರು ಭೀಮರಾಜನಿಗೆ ತೋರಿಸಿದರು. "ಬಿಯೆಸ್ಸಿ ಕೈಬರಹ. ಇವ್ರಿಗೆ ಯಾವನ್ ಕೊಟ್ನೋ ಡಿಗ್ರಿ."

ಭೀಮರಾಜ ಎಡಗಿವಿಯಿಂದ ಕೇಳಿಸಿಕೊಂಡ. ನಾಗಲಿಂಗಮ್ಮ ಕೆಂಪು ಪೆನ್ನು ತೆಗೆದು, ದುಂಡಗೆ, 'ಹಾಲೇಶಪ್ಪ, ಬೆಡ್ 6' ಎಂದು ಬರೆದು, ಕ್ಲಿಪ್ಪಿಗೆ ಸಿಗಿಸಿದರು.

ಹತ್ತಕ್ಕೆ ಶುರುವಾದ ರೌಂಡ್ಸ್ ಆರನೆಯ ಹಾಸಿಗೆಗೆ ಬಂದಾಗ ಡಾಕ್ಟರು ಹಾಳೆ ಎತ್ತಿದರು. ಅದು ತನ್ನ ಹಾಳೆಯೆಂದು ಶಿವಗಂಗಾ ದೂರದಿಂದಲೇ ಗುರುತಿಸಿದಳು.

"ಯಾರ್ರೀ ಇದನ್ನ ಬರ್ದಿರೋದು?" ಡಾಕ್ಟರ ದನಿಯಲ್ಲಿ ಅಪರೂಪದ ಸಂತೋಷ. "ಅರ್ಧ ಗಂಟೆಗೊಂದು ಸಲ ನೋಡಿದಾರೆ. ಈ ಆಸ್ಪತ್ರೆಯಲ್ಲಿ ಇಂಥ ಚಾರ್ಟ್ ನಾನು ಕಂಡೇ ಇಲ್ಲ."

"ನಾನೇ ನಿಂತು ಬರಸೀನ್ರಿ ಸರ್," ಎಂದರು ನಾಗಲಿಂಗಮ್ಮ.

"ಎಂಟಕ್ಕೆ ನೂರು. ಹತ್ತೂವರೆಗೆ ನೂರಾ ಮೂರು. ಮಧ್ಯಾಹ್ನಕ್ಕೆ ಇಳೀತೈತೆ. ನಾಲ್ಕೂ ದಿನ ಹತ್ತೂವರೆಗೇ ಏರಿರೋದು. ಹತ್ತಕ್ಕೆ ಇವರಿಗೆ ಏನು ಹೋಗ್ತೈತೆ?"

"ಹುಣ್ಣಿಂದು ಇಂಜೆಕ್ಷನ್ರಿ ಸರ್."

"ಅದೇ. ಔಷಧಿಯಿಂದ ಬರೋ ಜ್ವರ. ಇಂಜೆಕ್ಷನ್ ನಿಲ್ಲಿಸಿ. ಬಳ್ಳಾರಿಗೆ ಬರ್ದು ಕೊಡ್ತೀನಿ, ಕರ್ಕೊಂಡು ಹೋಗ್ಲಿ."

ಸುಮಲತಾ ಎದ್ದು ನಿಂತಳು. "ಸಾಹೇಬ್ರ, ಇವರಿಗೆ ಜ್ವರಾನ ಬಂದಿಲ್ಲಲ್ರಿ."

"ಮನೆಯೋರಿಗೆ ಗೊತ್ತಾಗಲ್ಲಮ್ಮ. ಒಳಜ್ವರ ಅದು."

ಹಾಲೇಶಪ್ಪ ಹಣೆ ಮುಟ್ಟಿ ನೋಡಿಕೊಂಡ. "ಹೌದಲೇ, ನನಗೂ ಯಾಕೋ ಒಳಗ ಕಾದಂಗ ಆಗತೈತಿ," ಎಂದು ಹೆಂಡತಿಗೆ ಹೇಳಿ ಹೊದಿಕೆ ಎಳೆದುಕೊಂಡ.

ಹಾಲೇಶಪ್ಪನ ಹುಣ್ಣನ್ನು ದಿನಾ ಅಳೆಯುತ್ತಿದ್ದವಳು ಶಿವಗಂಗಾ, ಕಾಗದದ ಸ್ಕೇಲಿನಿಂದ. ಸೋಮವಾರ ಮೂರು ಪಾಯಿಂಟ್ ಎರಡು ಸೆಂಟಿಮೀಟರ್ ಇದ್ದದ್ದು ಆ ಬೆಳಿಗ್ಗೆ ಎರಡು ಪಾಯಿಂಟ್ ಎಂಟಕ್ಕೆ ಬಂದಿತ್ತು. ಇಂಜೆಕ್ಷನ್ ನಿಂತರೆ ಗಾಯ ಮೇಲಕ್ಕೆ ಹತ್ತುತ್ತದೆ, ಬೆರಳು ಹೋಗಬಹುದು. ಬಾಯಿ ಬಿಟ್ಟರೆ ಅವಳ ಆ ನಾಲ್ಕು ಪದ ಹೋಗುತ್ತವೆ, ಅದೂ ನಾಳೆಯೇ. ಉತ್ತರಕ್ಕೆ ಅವಳಿಗೆ ಮೂರು ಸೆಕೆಂಡು ಹಿಡಿಯಿತು. ಧೈರ್ಯ ಬಂತು ಅಂತಲ್ಲ. ಅಳೆದ ಗಾಯವನ್ನು ಅಳೆದಿಲ್ಲ ಎಂದುಕೊಳ್ಳಲು ಅವಳಿಗೆ ಬರುತ್ತಿರಲಿಲ್ಲ.

"ಸರ್, ಅದು ಇವರ ಚಾರ್ಟ್ ಅಲ್ರಿ."

"ಬೆಡ್ ಆರು ಅಂತ ಬರ್ದೈತಲ್ಲ."

"ಅದು ಆಮ್ಯಾಲೆ ಬರದದ್ದುರಿ. ಒಳಗಿನ ಅಂಕಿ ನಾನು ಬರದಿದ್ದು. ಪೇಷಂಟ್ ಬ್ಯಾರೆ ಅದಾರ್ರಿ."

"ಬೇರೆ ಅಂದ್ರೆ ಯಾರು? ನಾಲ್ಕು ದಿನದಿಂದ ನೂರಾ ಮೂರು ಅಂದ್ರೆ ಅವರನ್ನಾದ್ರೂ ನೋಡ್ಬೇಕಲ್ಲ. ಹತ್ತಕ್ಕೆ ಅವರಿಗೆ ಏನು ಕೊಡ್ತಿದ್ರಿ?"

"ಏನೂ ಕೊಡಂಗಿಲ್ರಿ ಸರ್. ಹತ್ತಕ್ಕ ರೌಂಡ್ಸ್ ಇರ್ತೈತ್ರಿ."

"ರೌಂಡ್ಸಿಗೂ ಜ್ವರಕ್ಕೂ ಏನ್ರೀ ಸಂಬಂಧ?"

"ನಾಕು ದಿನದ ಅಂಕಿ ಇಟ್ಕೊಂಡು ಹೇಳಾಕ ಬರಂಗಿಲ್ರಿ ಸರ್."

ನೆಲ ಒರೆಸುತ್ತಿದ್ದ ಆಯಾ ಎರ್ರಮ್ಮನ ಕೈ ನಿಂತಿತು. ಭೀಮರಾಜ ಬಲಗಿವಿಯನ್ನು ಇತ್ತ ತಿರುಗಿಸಿದ. ನಾಗಲಿಂಗಮ್ಮ ಡಾಕ್ಟರ ಕೈಯಲ್ಲಿದ್ದ ಹಾಳೆಯ ಕಡೆಗೆ ಕತ್ತು ಚಾಚಿದರು. ಇಪ್ಪತ್ತಾರು ವರ್ಷ ಚಾರ್ಟು ಓದಿದ ಕಣ್ಣು. ಬುಧವಾರದ ನೂರಾ ನಾಲ್ಕರ ಮೇಲೆ ಹೋಗಿ ನಿಂತಿತು. ಬುಧವಾರ ಹತ್ತೂವರೆಗೆ ಹತ್ತಿಯುಂಡೆಗಳು ಎಲ್ಲಿಗೆಲ್ಲ ಉರುಳಿದ್ದವೆಂದು ಅವರಿಗೆ ನೆನಪಾಯಿತು. ಮುಖ ಮೊದಲು ಕೆಂಪಾಗಿ, ಆಮೇಲೆ ಬೂದಿಬಣ್ಣಕ್ಕೆ ತಿರುಗಿತು.

ಡಾಕ್ಟರಿಗೆ ಇನ್ನೂ ಅರ್ಥವಾಗಿರಲಿಲ್ಲ. ಆದರೆ ಬೈಯುವುದಕ್ಕೆ ಅವರಿಗೆ ಅರ್ಥವಾಗಬೇಕಾಗಿರಲಿಲ್ಲ. "ಯಾರದೋ ಚಾರ್ಟ್ ತಂದು ಯಾರಿಗೋ ಸಿಗಿಸ್ತೀರಾ? ಅದರ ಮೇಲೆ ನಾನೇ ನಿಂತು ಬರೆಸಿದೀನಿ ಅಂತ ಬೇರೆ. ಇಷ್ಟು ವರ್ಷ ಕುರಿ ಕಾಯ್ದಿದ್ರೂ ಯಾವ ಕುರಿ ಯಾವುದು ಅಂತ ಗೊತ್ತಾಗ್ತಿತ್ತು." ಹೀಗೆ ಹನ್ನೊಂದು ನಿಮಿಷ. ರೋಗಿಗಳಿದ್ದರು, ಸಂಬಂಧಿಕರಿದ್ದರು. ಅಭ್ಯಾಸಬಲದಿಂದ ಶಿವಗಂಗಾ ಮನಸ್ಸಿನಲ್ಲೇ ನೂರಾ ಎರಡು ಎಂದುಕೊಂಡಳು. ಹಾಲೇಶಪ್ಪನ ಇಂಜೆಕ್ಷನ್ ಮುಂದುವರಿಸಲು ಹೇಳಿ, ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಡಾಕ್ಟರು ಹೋದರು. ಜ್ವರ ಇಲ್ಲವೆಂದು ತಿಳಿದು ಹಾಲೇಶಪ್ಪನಿಗೆ ಸ್ವಲ್ಪ ಬೇಸರವೇ ಆದಂತಿತ್ತು.

ಗೋಡೆಯ ಗಡಿಯಾರದಲ್ಲಿ ಹತ್ತೂವರೆ. ವಾರ್ಡೆಲ್ಲ ಕಾದಿತ್ತು. ನಾಗಲಿಂಗಮ್ಮ ಶಿವಗಂಗಾಳ ಕಡೆ ತಿರುಗಿ ಬಾಯಿ ತೆರೆದರು. ಕಣ್ಣು ಗಡಿಯಾರಕ್ಕೆ ಹೋಯಿತು. ಬೈದರೆ ಚಾರ್ಟು ನಿಜವಾಗುತ್ತದೆ, ಬೈಯದಿದ್ದರೆ ಉಸಿರು ಕಟ್ಟುತ್ತದೆ. ಅವರು ಬಾಯಿ ಮುಚ್ಚಿದರು. ತರಬೇತಿಯಲ್ಲಿ ಕಲಿಸಿದ ದೀರ್ಘ ಉಸಿರನ್ನು ಅವರು ಉಪಯೋಗಿಸಿದ್ದು ಅದೇ ಮೊದಲು.

ಹನ್ನೊಂದೂಕಾಲಿಗೆ ಇಂಜೆಕ್ಷನ್ ಕೋಣೆಗೆ ಕರೆದರು. ಬಾಗಿಲು ಮುಂದಕ್ಕೆ ಮಾಡಿದರು.

"ಬುಧವಾರ ಟ್ರೇ ನಾನು ಎಸದಿಲ್ಲ," ಎಂದರು. "ಕೈ ಜಾರಿತ್ತು."

ಶಿವಗಂಗಾ ಯೋಚಿಸಿದಳು. "ಹಂಗಿದ್ರ ನೂರಾ ಮೂರು ಮಾಡಬೇಕಿತ್ರಿ ಮೇಡಂ."

ನಾಗಲಿಂಗಮ್ಮ ಸಿರಿಂಜುಗಳನ್ನು ಒಂದೊಂದೇ ಸಾಲಿಗೆ ಇಟ್ಟರು.

"ಮೂರೂವರಿ ಇರ್ಲಿ," ಎಂದರು. "ಸ್ವಲ್ಪ ನೂಕಿದ್ದೆ."

ಶಿವಗಂಗಾಳಿಗೆ ಆ ಅರ್ಧ ಡಿಗ್ರಿಯ ಮೇಲೆ ಗೌರವ ಬಂತು. ಹಾಗೆಂದು ಅವಳು ಮೆತ್ತಗಾಗಲಿಲ್ಲ. ಗ್ಲಾಸಿಟ್ಟ ಬೀರುವಿನ ಬೀಗ ಎದುರಿಗೇ ಇತ್ತು.

ಡಾಕ್ಟರು ಓದಿದವರು. ಮಧ್ಯಾಹ್ನದ ಊಟಕ್ಕೆ ಕೂತಾಗ ಹಾಳೆಯನ್ನು ಬಿಡಿಸಿ ನೋಡಿದರು, ಅನ್ನ ಕಲಸುವ ಹೊತ್ತಿಗೆ ಅರ್ಥವಾಯಿತು. ಮೂರು ಗಂಟೆಗೆ ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಶಿವಗಂಗಾಳ ಕಡತ. ಪಕ್ಕದಲ್ಲಿ ಗುಮಾಸ್ತ ಅಂಜಿನೇಯಲು, ಮೂವತ್ತು ವರ್ಷದಿಂದ ನಿಯಮಗಳನ್ನಷ್ಟೇ ಪ್ರೀತಿಸಿದವನು.

"ಮೇಲಧಿಕಾರಿಗಳನ್ನ ಅಣಕಿಸೋದು ನಡತೆ ಅಲ್ಲ," ಎಂದರು ಡಾಕ್ಟರು. "ನಡತೆ ತೃಪ್ತಿಕರವಾಗಿಲ್ಲ ಅಂತ ಬರೀರಿ ನಾಗಲಿಂಗಮ್ಮ. ನಾನು ಸಹಿ ಹಾಕ್ತೀನಿ."

ನಾಗಲಿಂಗಮ್ಮ ಪೆನ್ನು ತೆಗೆದರು. ಶಿವಗಂಗಾ ಗುಡೇಕೋಟೆ ಬಸ್ಸಿನ ಸಮಯ ನೆನಪು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ.

ಅಂಜಿನೇಯಲು ಕೆಮ್ಮಿದ. "ಸರ್, ತೃಪ್ತಿಕರ ಇಲ್ಲ ಅಂತ ಬರದ್ರ ಕಾರಣ ಬರೀಬೇಕಾಗತೈತ್ರಿ. ಕಾರಣ ಬರದ್ರ ದಾಖಲೆ ಲಗತ್ತು ಮಾಡಬೇಕ್ರಿ."

"ಯಾವ ದಾಖಲೆ?"

"ಅದ ಸರ್, ಚಾರ್ಟು. ಮೂರು ಪ್ರತಿ ಬೇಕು. ಹೊಸಪೇಟ್ಯಾಗ ಸಾಹೇಬ್ರು ನೋಡ್ತಾರ. ಇದು ಯಾರ ಚಾರ್ಟು ಅಂತ ಕೇಳ್ತಾರ, ಅದಕ್ಕ ಮೇಡಂ ಉತ್ತರ ಬರೀಬೇಕು. ದಿನಾ ಹತ್ತೂವರಿಗೇ ಯಾಕ ಏರ್ತೈತಿ ಅಂತ ಕೇಳ್ತಾರ, ಅದಕ್ಕ ನೀವು ಬರೀಬೇಕ್ರಿ."

ಡಾಕ್ಟರು ನಾಗಲಿಂಗಮ್ಮನವರನ್ನು ನೋಡಿದರು, ನಾಗಲಿಂಗಮ್ಮ ಡಾಕ್ಟರನ್ನು ನೋಡಿದರು. ಆರು ವರ್ಷ ಒಟ್ಟಿಗೆ ಕೆಲಸ ಮಾಡಿ ಯಾವುದರಲ್ಲೂ ಒಮ್ಮತಕ್ಕೆ ಬಾರದ ಇಬ್ಬರು ಒಂದು ಮಾತೂ ಆಡದೆ ಒಮ್ಮತಕ್ಕೆ ಬಂದರು. ನಾಗಲಿಂಗಮ್ಮ ನಾಲ್ಕು ಪದ ಬರೆದರು, ಡಾಕ್ಟರು ಸಹಿ ಮಾಡಿದರು. ಆ ಕಚೇರಿಯ ಇತಿಹಾಸದಲ್ಲಿ ಯಾವ ಕಡತವೂ ಅಷ್ಟು ಬೇಗ ಮುಗಿದಿರಲಿಲ್ಲ. ಹಾಳೆಯನ್ನು ಡಾಕ್ಟರು ತಮ್ಮ ಕೈಯಾರೆ ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು.

ಶನಿವಾರ ಕಡತ ಹೊಸಪೇಟೆಗೆ ಹೊರಟ ಮೇಲೆ ಶಿವಗಂಗಾ ಚಹಾ ಮಾಡಿಸಿ ಒಂದು ಗ್ಲಾಸು ಎರ್ರಮ್ಮನಿಗೂ ಕೊಟ್ಟಳು. ಐವತ್ತು ದಾಟಿದ ಎರ್ರಮ್ಮ ಗುತ್ತಿಗೆಯವಳು. ಅವಳಿಗೆ ಪರೀಕ್ಷಾರ್ಥ ಅವಧಿ ಶುರುವಾದದ್ದೇ ಇಲ್ಲ, ಮುಗಿಯುವ ಪ್ರಶ್ನೆಯೂ ಇಲ್ಲ. ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತು ಚಹಾ ಊದುತ್ತ ಅವಳು ಹೇಳಿದಳು:

"ಚಂದ ಮಾಡಿದ್ರಿ ಸಿಸ್ಟರ್ರ. ಡಾಕ್ಟ್ರು ಹತ್ತಕ್ಕ, ದೊಡ್ಡ ಮೇಡಮ್ಮಾರು ಹತ್ತೂವರಿಗೆ. ಎಲ್ಲಾ ಖರೇನ ಬರದೀರಿ. ಆದ್ರ ಹನ್ನೊಂದಕ್ಕ ನಿಮ್ಮದೂ ಏರ್ತೈತಲ್ರಿ. ಅದನ್ನ ಯಾರು ಬರೀಬೇಕು?"

ಶಿವಗಂಗಾ ಗ್ಲಾಸು ಕೆಳಗಿಟ್ಟಳು. "ನಂದು ಎಲ್ಲಿ ಏರ್ತೈತಿ ಎರ್ರಮ್ಮ?"

"ನನಗ ಅಕ್ಷರ ಬರಂಗಿಲ್ರಿ. ಎಣಸಾಕ ಬರ್ತೈತಿ. ಈ ವಾರ ಮೂರು ಸಲ."

ಶಿವಗಂಗಾ ನೆನಪನ್ನು ದಿನದ ಪ್ರಕಾರ ಜೋಡಿಸಿ ನೋಡಿದಳು. ಸೋಮವಾರ, ಬಕೀಟು ನಡುದಾರಿಯಲ್ಲಿಟ್ಟದ್ದಕ್ಕೆ. ಮಂಗಳವಾರ, ಫಿನೈಲು ಜಾಸ್ತಿ ಹಾಕಿದ್ದಕ್ಕೆ. ಬುಧವಾರ ಹತ್ತಿಯುಂಡೆ ಗುಡಿಸಲು ತಡವಾದದ್ದಕ್ಕೆ, ಅದೂ ರೋಗಿಗಳ ಮುಂದೆ. ಬುಧವಾರದ್ದು ಅವಳದೇ ಅಳತೆಯಲ್ಲಿ ನೂರಾ ಒಂದು.

"ಮೂರಲ್ಲ, ನಾಕು," ಎಂದಳು ಕೊನೆಗೆ. "ಗುರುವಾರ ಹೆರಿಗೆ ಕೋಣಿ ಮುಂದ ಒದರಿದ್ದೆ. ಅದನ್ನ ಮರತಿ ನೀನು."

"ಮರತಿಲ್ರಿ. ಗುರುವಾರ ತಪ್ಪು ನಂದಿತ್ತು, ಹೊಲಸ ಬಟ್ಟಿ ಒಗದ ಬಟ್ಟ್ಯಾಗ ಹಾಕಿದ್ದೆ. ಅದನ್ನ ಎಣಿಕಿಗೆ ಹಿಡೀಬಾರ್ದಲ್ರಿ."

ಎರ್ರಮ್ಮ ಗ್ಲಾಸು ತೊಳೆಯಲು ಎದ್ದು ಹೋದಳು. ಶಿವಗಂಗಾ ಸೋಮವಾರದಿಂದ ಗುರುವಾರದವರೆಗೆ ತಾನು ಇಟ್ಟ ಚುಕ್ಕಿಗಳಲ್ಲಿ ತಪ್ಪು ತನ್ನದೇ ಆಗಿದ್ದವು ಎಷ್ಟು ಎಂದು ಎಣಿಸಲು ಹೋದಳು. ಎಣಿಸಲಾಗಲಿಲ್ಲ. ಅಷ್ಟು ಅಳತೆ ಮಾಡಿ ಗೆರೆ ಎಳೆದ ಹಾಳೆಯಲ್ಲಿ ಅದಕ್ಕೊಂದು ಸಾಲನ್ನೇ ಅವಳು ಬಿಟ್ಟಿರಲಿಲ್ಲ.